ಓಡುವಾಗಲೋ, ಓಡಿ ನಿಂತ ಮೇಲೋ?

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಸುತ್ತು ಹಾಕಿ ನೇರ ಇಲ್ಲಿಗೆ ಬಂದವರು ಸುಮಾರು ಜನ ಇದ್ದೀರಿ, ಶೂ ನೋಡಿದರೇ ಗೊತ್ತಾಗುತ್ತದೆ. ಒಂದು ಪ್ರಶ್ನೆ. ನಿಮಗೆ ಎದೆ ಹಿಡಿದ ಹಾಗೆ ಆಗುವುದು ಓಡುವಾಗಲೋ, ಓಡಿ ನಿಂತ ಮೇಲೋ?

ಹೈಸ್ಕೂಲಿನಲ್ಲಿ ನನ್ನನ್ನು ಯಾರೂ ಹೀಗೆ ಕೇಳಲಿಲ್ಲ. ನಾನೂರು ಮೀಟರ್ ಓಡುವಾಗ ನನಗೇನೂ ಆಗುತ್ತಿರಲಿಲ್ಲ. ಮರದ ಕೆಳಗೆ ಬಂದು ಕೂತ ಐದು ನಿಮಿಷಕ್ಕೆ ಕೆಮ್ಮು ಶುರು. ಎದೆ ಮೇಲೆ ಗುಂಡುಕಲ್ಲು ಇಟ್ಟ ಹಾಗೆ. ಉಸಿರು ಬಿಟ್ಟರೆ ಸುಯ್ ಅನ್ನುವ ಸದ್ದು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮಾಯ. "ಓಡುವಾಗ ಚೆನ್ನಾಗೇ ಇದ್ಯಲ್ಲೋ, ಈಗೇನು ನಾಟಕ?" ಅಂದರು ಪಿ.ಟಿ. ಮೇಷ್ಟ್ರು. ಆ ನಾಟಕವೇ ಓಟದಿಂದ ಏಳುವ ಉಬ್ಬಸದ ಗುರುತು ಅಂತ ನಾನು ಡಾಕ್ಟರಾದ ಮೇಲೆ ತಿಳಿಯಿತು.

ಸುಮ್ನೆ ಕೂತಾಗ ಮೂಗಿನಿಂದ ಉಸಿರಾಡುತ್ತೇವೆ. ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಸೇರಿಸಿ ಒಳಗೆ ಬಿಡುತ್ತದೆ. ಓಡುವಾಗ ಬಾಯಿ ತೆರೆಯುತ್ತೇವೆ, ಎಳೆಯುವ ಗಾಳಿಯೂ ಎಷ್ಟೋ ಪಟ್ಟು ಜಾಸ್ತಿ. ಉಸಿರಿನ ಕೊಳವೆಯ ಒಳಮೈ ಒಣಗುತ್ತದೆ. ಆಗ ಅಲ್ಲಿನ ಕೋಶಗಳು ಹಿಸ್ಟಮಿನ್‌ನಂಥ ರಾಸಾಯನಿಕ ಬಿಡುತ್ತವೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ. ಈ ಬಿಗಿತ ಸಾಮಾನ್ಯವಾಗಿ ಓಟ ನಿಂತ 5ರಿಂದ 15 ನಿಮಿಷಕ್ಕೆ ತುದಿ ಮುಟ್ಟುತ್ತದೆ. ನಮ್ಮ ಬೆಂಗಳೂರಿನ ಜನವರಿ ಬೆಳಗಿನ ತಣ್ಣನೆ ಒಣಗಾಳಿ ಇದಕ್ಕೆ ಹೇಳಿ ಮಾಡಿಸಿದ್ದು. ನಾವೋ ಮಂಕಿ ಕ್ಯಾಪ್ ಹಾಕಿ ಕಿವಿ ಮುಚ್ಚುತ್ತೇವೆ, ಮೂಗು ಬಾಯಿ ಬಯಲಿಗೆ! ಮಫ್ಲರ್ ಅಲ್ಲಿಗೆ ಸುತ್ತಿ.

ಈಗ ಇನ್ನೊಂದು ಉತ್ತರ. ಹತ್ತುವಾಗ, ಬಿರುಸಾಗಿ ನಡೆಯುವಾಗಲೇ ಎದೆ ಹಿಂಡಿ, ನಿಂತರೆ ಕೆಲವೇ ನಿಮಿಷಕ್ಕೆ ಇಳಿದರೆ ಮೊದಲು ಹೃದಯ ತೋರಿಸಿ. ಅದರಲ್ಲೂ ನಲವತ್ತು ದಾಟಿದವರು, ಸಕ್ಕರೆ, ಬಿ.ಪಿ. ಇರುವವರು. ನೋವು ತೋಳಿಗೋ ದವಡೆಗೋ ಹರಿದು, ಬೆವರು ಕಿತ್ತುಕೊಂಡು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಗ್ಯಾಸ್ ಅಂತ ಸೋಡಾ ಕುಡಿಯುತ್ತಾ ಕೂರಬೇಡಿ.

ಉಬ್ಬಸ ಹೌದೋ ಅಲ್ಲವೋ ಅನ್ನುವುದಕ್ಕೆ ಪರೀಕ್ಷೆ ಇದೆ. ಟ್ರೆಡ್‌ಮಿಲ್ ಮೇಲೆ 6ರಿಂದ 8 ನಿಮಿಷ ಓಡಿಸಿ, ಮುಂಚೆಯೂ ಆಮೇಲೆಯೂ ಸ್ಪೈರೋಮೀಟರಿಗೆ, ಅಂದರೆ ಊದಿದ ಗಾಳಿ ಅಳೆಯುವ ಯಂತ್ರಕ್ಕೆ, ಊದಿಸುತ್ತೇವೆ. ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ ನೂರಕ್ಕೆ 10ರಷ್ಟು ಅಥವಾ ಇನ್ನೂ ಜಾಸ್ತಿ ಇಳಿದರೆ ಹೌದು ಅಂತ ಲೆಕ್ಕ.

ಗೊತ್ತಾದ ಮೇಲೆ ಓಟ ಬಿಡಬೇಕಾ? ಬೇಡ. 1984ರ ಒಲಿಂಪಿಕ್ಸ್‌ನ ಅಮೆರಿಕ ತಂಡದ 597 ಮಂದಿಯಲ್ಲಿ 67 ಜನಕ್ಕೆ ಈ ತೊಂದರೆ ಇತ್ತು. ಅವರು ಗೆದ್ದ ಪದಕ 41. ಓಟಕ್ಕೆ ಮುಂಚೆ ಹತ್ತು ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಡಾಕ್ಟರು ಬರೆದುಕೊಟ್ಟಿದ್ದರೆ ಬಿಗಿದ ಕೊಳವೆ ಸಡಿಲಿಸುವ ಸಾಲ್ಬುಟಮಾಲ್ ಪಂಪನ್ನು (ಇನ್‌ಹೇಲರ್) ಸುಮಾರು 15 ನಿಮಿಷ ಮುಂಚೆ ಎಳೆಯಿರಿ. ದಿನಾ ಅದೇ ಬೇಕಾಗುತ್ತಿದೆ ಅಂದರೆ ಉಸಿರಿನ ಕೊಳವೆಯ ಒಳಗಿನ ಊತ ಹಾಗೇ ಇದೆ ಅಂತ ಅರ್ಥ. ಆಗ ಊತ ಇಳಿಸುವ ಸ್ಟೆರಾಯ್ಡ್ ಪಂಪ್ ಬೇಕು, ಅದನ್ನು ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. "ಪಂಪ್ ಚಟ ಆಗುತ್ತೆ ಡಾಕ್ಟ್ರೇ" ಅನ್ನುತ್ತಾರೆ. ಕನ್ನಡಕ ಯಾರಿಗಾದರೂ ಚಟ ಆಗಿದೆಯಾ?

ನನ್ನ ಚಿಂತೆ ಬೇರೆ. ಎಷ್ಟೋ ಜನ ಔಷಧಿಯನ್ನು ನಾಲಿಗೆಗೆ ಹೊಡೆದುಕೊಳ್ಳುತ್ತಾರೆ. ಪಂಪ್ ಅಲ್ಲಾಡಿಸಿ. ಉಸಿರು ಪೂರ್ತಿ ಬಿಡಿ. ತುಟಿ ಬಿಗಿ ಹಿಡಿದು, ನಿಧಾನವಾಗಿ ಎಳೆಯುತ್ತಲೇ ಒತ್ತಿ. ಹತ್ತು ಎಣಿಸುವ ತನಕ ಉಸಿರು ಹಿಡಿಯಿರಿ. ಜೇಬಿನಲ್ಲಿ ಪಂಪ್ ಇರುವವರು ಮುಂದೆ ಬನ್ನಿ, ಎಳೆಯುವ ರೀತಿ ತೋರಿಸಿ. ಬಾಯಿ ಮೂಲೆಯಿಂದ ಹೊಗೆ ಬರುತ್ತಾ ನೋಡೋಣ.