ಬಾಯಿಹುಣ್ಣು ಎರಡು ವಾರ ದಾಟಿದರೆ

ನಮಸ್ಕಾರ ಕೇಳುಗರೇ. ನಾನೊಬ್ಬ ದಂತವೈದ್ಯೆ. ಬಯಾಪ್ಸಿ, ಅಂದರೆ ಹುಣ್ಣಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ, ಅಂದ ಕೂಡಲೇ ನಮ್ಮ ಜನ ಬೆದರುತ್ತಾರೆ. ‘ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತಂತೆ, ಅಲ್ವಾ ಮೇಡಂ?’ ಅಂತ ಕೇಳುತ್ತಾರೆ. ಇಲ್ಲ, ಬಯಾಪ್ಸಿ ಮಾಡಿದ್ದಕ್ಕೆ ಹರಡುವುದಿಲ್ಲ. ಆ ಭಯಕ್ಕೆ ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಂಡು ಕೂತು, ಕೊನೆಗೆ ಬಾಯಿ ತೆರೆಯಲಾಗದೆ ಬರುವವರನ್ನು ನೋಡಿದರೆ ತುಂಬ ಸಂಕಟವಾಗುತ್ತದೆ.

ಹಲ್ಲು ತಾಗಿಯೋ ಬಿಸಿ ಕಾಫಿ ಸುಟ್ಟೋ ಆದ ಹುಣ್ಣು ಸಾಮಾನ್ಯವಾಗಿ ಎರಡು ವಾರದಲ್ಲಿ ಮಾಯುತ್ತದೆ. ಮಾಯದಿದ್ದರೆ ತೋರಿಸಿ. ನೋವಿಲ್ಲ ಅಂತ ಸುಮ್ನೆ ಇರಬೇಡಿ, ಶುರುವಿನಲ್ಲಿ ಕ್ಯಾನ್ಸರ್ ಎಷ್ಟೋ ಸಲ ನೋಯುವುದೇ ಇಲ್ಲ. ಕಡ್ಡಿಪುಡಿ, ಗುಟ್ಕಾ ಹಾಕುವವರು ಅದನ್ನು ಒತ್ತಿಟ್ಟುಕೊಳ್ಳುವ ಜಾಗವನ್ನೇ ಕನ್ನಡಿಯಲ್ಲಿ ನೋಡಿಕೊಳ್ಳಿ, ತುಟಿಯನ್ನು ಕೆಳಗೆಳೆದು, ಕೆನ್ನೆಯನ್ನು ಬೆರಳಿಂದ ಅಗಲಿಸಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ ಇದೆಯಾ? ಕೆಂಪು ಮಚ್ಚೆಯಾದರೆ ಅಪಾಯ ಇನ್ನೂ ಜಾಸ್ತಿ. ಬರೀ ಅಡಿಕೆ ತಾನೇ ಅನ್ನಬೇಡಿ. ಹೊಗೆಸೊಪ್ಪು ಸೇರದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಬೆಳೆಯುವ ನಮ್ಮ ನಾಡಿಗೆ ಇದು ಕಹಿ ಮಾತು, ಆದರೂ ಹೇಳಲೇಬೇಕು.

ಸರಿ, ಬಯಾಪ್ಸಿಯಲ್ಲಿ ಏನು ಮಾಡುತ್ತಾರೆ? ಲಿಗ್ನೋಕೇನ್ ಇಂಜೆಕ್ಷನ್ ಕೊಟ್ಟು ಜಾಗ ಮರಗಟ್ಟಿಸುತ್ತಾರೆ. ಸೂಜಿ ಚುಚ್ಚುವಾಗ ಚುರುಕ್ ಅನ್ನುತ್ತೆ, ಅಷ್ಟೇ. ಕೆನ್ನೆ ಕಚ್ಚಿ ಕಚ್ಚಿ ಬೆಳೆದಂಥ ಸಣ್ಣ ಗಂಟಾದರೆ ಪೂರ್ತಿ ತೆಗೆದುಬಿಡುತ್ತಾರೆ. ಅನುಮಾನದ ದೊಡ್ಡ ಹುಣ್ಣಾದರೆ ಒಂದು ತುಣುಕು ಮಾತ್ರ, ಮತ್ತು ಅದನ್ನು ಎಲ್ಲಿಂದ ತೆಗೆಯುತ್ತೇವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹುಣ್ಣಿನ ನಡುವೆ ಬರೀ ಸತ್ತ ಮಾಂಸ ಇರಬಹುದು, ಅದನ್ನು ನೋಡಿ ಪೆಥಾಲಜಿಸ್ಟ್, ಅಂದರೆ ಲ್ಯಾಬಿನಲ್ಲಿ ತುಣುಕು ಪರೀಕ್ಷಿಸುವ ಡಾಕ್ಟರ್, ಏನು ತಾನೇ ಹೇಳಿಯಾರು? ಹಾಗಾಗಿ ಅಂಚಿನಿಂದ, ಚೂರು ಆಳಕ್ಕೆ ತೆಗೆದು, ಆ ತುಣುಕನ್ನು ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣ ಇರುವ ಡಬ್ಬಿಗೆ ಹಾಕುತ್ತೇವೆ. ಒಂದೆರಡು ಹೊಲಿಗೆ ಬೀಳುತ್ತದೆ. ಲ್ಯಾಬಿನಲ್ಲಿ ಅದನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಸೀಳಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ.

ಹಾಂ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ರಿಪೋರ್ಟಿನಲ್ಲಿ ಡಿಸ್‌ಪ್ಲೇಸಿಯಾ ಅಂತ ಬಂದರೆ ಅದಿನ್ನೂ ಕ್ಯಾನ್ಸರ್ ಅಲ್ಲ, ಜೀವಕೋಶಗಳು ಹಾದಿ ತಪ್ಪಲು ಶುರುವಾಗಿವೆ ಅಂತ ಅರ್ಥ. ಚಟ ಬಿಟ್ಟು, ಡಾಕ್ಟರ್ ಹೇಳಿದಾಗೆಲ್ಲ ಹೋಗಿ ತೋರಿಸಬೇಕು. ಏನೂ ಇಲ್ಲ ಅಂತ ಬಂದರೂ ಮಚ್ಚೆ ಹಾಗೇ ಉಳಿದಿದ್ದರೆ ಮತ್ತೆ ಹೋಗಿ. ತೆಗೆದ ತುಣುಕು ಆ ಒಂದು ಜಾಗದ್ದು ಮಾತ್ರ, ಬೇಕಾದರೆ ಇನ್ನೊಂದು ಕಡೆಯಿಂದ ತೆಗೆಯುತ್ತಾರೆ.