ಯಾರ ಲೋಟದಲ್ಲಿ ಜಾಸ್ತಿ?

ಕೇಳುಗರೇ, ನಮಸ್ಕಾರ.

ಆಲೆಮನೆಗೆ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಈ ಜಗಳ ಹೊಸದಲ್ಲ. ಶಿರಸಿ ಹತ್ತಿರ ಒಂದು ಆಲೆಮನೆಯಲ್ಲಿ ಮೊಮ್ಮಕ್ಕಳಿಬ್ಬರಿಗೂ ಎರಡೆರಡು ಸೌಟು ಕಬ್ಬಿನ ಹಾಲು ಹಾಕಿಕೊಟ್ಟೆ. ಅಣ್ಣನಿಗೆ ಉದ್ದ ಲೋಟ. ಐದು ವರ್ಷದ ತಂಗಿಗೆ ಅಗಲ ಬಟ್ಟಲು. "ಅಜ್ಜಾ, ಅಣ್ಣಂಗೆ ಮಾತ್ರ ಜಾಸ್ತಿ!" ಅಂತ ಅವಳ ಅಳು ಶುರುವಾಯಿತು. ಅವಳ ಕಣ್ಣೆದುರೇ ಬಟ್ಟಲಿನ ಹಾಲನ್ನು ಇನ್ನೊಂದು ಉದ್ದ ಲೋಟಕ್ಕೆ ಸುರಿದೆ. ಅಳು ನಿಂತಿತು. ಒಂದು ಹನಿಯನ್ನೂ ಸೇರಿಸಿರಲಿಲ್ಲ ನಾನು!

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನೇ ಮಕ್ಕಳ ಮುಂದೆ ಮತ್ತೆ ಮತ್ತೆ ಮಾಡಿ ನೋಡಿದವರು. ಆರೇಳು ವರ್ಷದ ತನಕ ಮಕ್ಕಳು ಎತ್ತರ ನೋಡಿದರೆ ಅಗಲ ಮರೆಯುತ್ತಾರೆ ಎಂದರು ಅವರು.

ಹಾಗಾದರೆ ಚಿಕ್ಕ ಮಕ್ಕಳಿಗೆ ಹೆಚ್ಚು ಕಡಿಮೆ ಗೊತ್ತೇ ಆಗುವುದಿಲ್ಲವಾ? ಆಗುತ್ತದೆ. ಮಾತೂ ಬಾರದ ಆರು ತಿಂಗಳ ಕೂಸಿಗೂ ಆಗುತ್ತದೆ. ಫೇ ಷು ಮತ್ತು ಎಲಿಜಬೆತ್ ಸ್ಪೆಲ್ಕೆ ಎಂಬ ಸಂಶೋಧಕಿಯರು ಇಂಥ ಕೂಸುಗಳಿಗೆ ಚುಕ್ಕೆಗಳ ಚಿತ್ರ ತೋರಿಸಿದರು. ಒಂದೇ ಸಂಖ್ಯೆಯ ಚುಕ್ಕೆ ನೋಡಿ ನೋಡಿ ಕೂಸಿಗೆ ಬೇಸರ ಬರುತ್ತದೆ. ಸಂಖ್ಯೆ ಬದಲಾಗಿದ್ದು ತಿಳಿದರೆ ಮತ್ತೆ ದಿಟ್ಟಿಸುತ್ತದೆ. 8 ಚುಕ್ಕೆಗೂ 16ಕ್ಕೂ ಇರುವ ವ್ಯತ್ಯಾಸ ಅವಕ್ಕೆ ತಿಳಿಯಿತು. 8ಕ್ಕೂ 12ಕ್ಕೂ ಇರುವುದು ತಿಳಿಯಲಿಲ್ಲ. ಅವರು ಇದನ್ನು ಪ್ರಕಟಿಸಿದ್ದು 2000ದಲ್ಲಿ. ನಾವೇನು ಬಹಳ ಬೇರೆಯಾ? ಕಾರವಾರದ ಮೀನುಪೇಟೆಯಲ್ಲಿ ಬಂಗಡೆಯ ಎರಡು ಪಾಲು ಕಂಡರೆ ಮೊದಲು ಅಳೆಯುವುದು ಕಣ್ಣೇ. ಎಣಿಕೆ ಆಮೇಲೆ.

ಮನೆಗೆ ಬಂದವನಿಗೆ ಸುಮ್ಮನಿರಲು ಆಗಲಿಲ್ಲ. ಜಗಲಿಯಲ್ಲಿ ಆರಾರು ಅಡಿಕೆಯ ಎರಡು ಸಾಲು ಇಟ್ಟು, ಎರಡೂ ಒಂದೇನಾ ಅಂತ ಮೊಮ್ಮಗಳನ್ನು ಕೇಳಿದೆ. ಹೌದು ಅಂದಳು. ಒಂದು ಸಾಲನ್ನು ಅಗಲಿಸಿ ಮತ್ತೆ ಕೇಳಿದೆ. ಉದ್ದ ಸಾಲಿನಲ್ಲೇ ಜಾಸ್ತಿಯಂತೆ. ಇಪ್ಪತ್ತರ ತನಕ ಎಣಿಸಬಲ್ಲ ಹುಡುಗಿ!

ಆದರೆ ತಪ್ಪು ಅವಳದ್ದೊಂದೇ ಅಲ್ಲ ಅಂತ ನನಗೀಗ ಅನಿಸುತ್ತದೆ. ದೊಡ್ಡವರು ಎದುರಿಗೇ ಏನೋ ಮಾಡಿ ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ ಮಗು ಏನೆಂದುಕೊಳ್ಳಬೇಕು? ಮೊದಲ ಉತ್ತರ ಸರಿಯಿಲ್ಲ, ಬೇರೆ ಹೇಳಬೇಕು ಅಂತಲೇ ಅಲ್ವಾ? 1974ರಲ್ಲಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ ಎಂಬ ಸಂಶೋಧಕರು ಇದೇ ಸಾಲಿನ ಪರೀಕ್ಷೆಗೆ ಒಂದು ಉಪಾಯ ಮಾಡಿದರು. ಸಾಲನ್ನು ತಾವು ಕೆಡಿಸಲಿಲ್ಲ. ತುಂಟ ಕರಡಿ ಬೊಂಬೆಯ ಕೈಯಲ್ಲಿ ಕೆಡಿಸಿದರು. ಆಗ "ಎರಡೂ ಅಷ್ಟೇ" ಅಂದ ಮಕ್ಕಳು ತುಂಬ ಜಾಸ್ತಿಯಾದರು.

ನಮ್ಮ ಮನೆಯಲ್ಲಿ ಕರಡಿ ಬೊಂಬೆ ಇಲ್ಲ. ಬೆಕ್ಕಿದೆ. ಮಾರನೇ ದಿನ ಮತ್ತೆ ಅಡಿಕೆ ಜೋಡಿಸಿದ್ದೆ. ಬೆಕ್ಕು ಬಂದು ಒಂದು ಸಾಲಿಗೆ ಪಂಜ ಹಾಕಿ ಜಗಲಿ ತುಂಬ ಉರುಳಿಸಿತು. ಮೊಮ್ಮಗಳನ್ನು ಕೇಳಿದೆ, ಈಗ ಯಾವುದರಲ್ಲಿ ಜಾಸ್ತಿ?

"ಎರಡೂ ಅಷ್ಟೇ" ಅಂದಳು. ನಾನು ಅವಳ ಮುಖವನ್ನೇ ನೋಡಿದೆ.

"ಬೆಕ್ಕು ಅಡಿಕೆ ತಿನ್ನತ್ತಾ ಅಜ್ಜಾ?"