ಬಡ ಆರೋಪಿಯ ವಕೀಲರಿಗೆ ಯಾವ ಬೊಕ್ಕಸದಿಂದ ಹಣ?

ಮಾನ್ಯರೇ,

ಅಮೆರಿಕದ ಸುಪ್ರೀಂ ಕೋರ್ಟು 1963ರ ಮಾರ್ಚ್ 18ರಂದು ಗಿಡಿಯನ್ ಮೊಕದ್ದಮೆಯಲ್ಲಿ ನೀಡಿದ ತೀರ್ಪು ನಿಮ್ಮಲ್ಲಿ ಹಲವರಿಗೆ ಪರಿಚಿತ. ಫ್ಲಾರಿಡಾದ ಸೆರೆಮನೆಯಿಂದ ಕ್ಲಾರೆನ್ಸ್ ಗಿಡಿಯನ್ ಎಂಬ ಬಡ ಕೈದಿ ಪೆನ್ಸಿಲ್ಲಿನಲ್ಲಿ ಬರೆದು ಕಳಿಸಿದ ಅರ್ಜಿಯನ್ನು ಮನ್ನಿಸಿದ ನ್ಯಾಯಾಲಯವು, ಗಂಭೀರ ಅಪರಾಧದ ಆರೋಪ ಹೊತ್ತವರಿಗೆ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲದಿದ್ದರೆ ರಾಜ್ಯವೇ ಒದಗಿಸಬೇಕೆಂದು ಒಮ್ಮತದಿಂದ ಹೇಳಿತು. ಮರುವಿಚಾರಣೆಯಲ್ಲಿ ವಕೀಲರ ನೆರವು ದೊರೆತಾಗ ಅದೇ ಗಿಡಿಯನ್ ನಿರ್ದೋಷಿಯೆಂದು ಬಿಡುಗಡೆಯಾದರು. ಆದರೆ ಈ ವೆಚ್ಚವನ್ನು ಯಾವ ಬೊಕ್ಕಸ ಭರಿಸಬೇಕೆಂಬುದನ್ನು ತೀರ್ಪು ಹೇಳಲಿಲ್ಲ. ಹಲವು ರಾಜ್ಯಗಳು ಅದನ್ನು ಕೌಂಟಿಗಳ, ಅಂದರೆ ಸ್ಥಳೀಯ ಆಡಳಿತಗಳ, ತಲೆಗೆ ಕಟ್ಟಿದವು. ಪೆನ್ಸಿಲ್ವೇನಿಯಾ ರಾಜ್ಯವು ಈ ಬಾಬ್ತಿಗೆ ತನ್ನ ಬಜೆಟ್ಟಿನಿಂದ ಮೊದಲ ಬಾರಿಗೆ ಹಣ ತೆಗೆದಿರಿಸಿದ್ದು 2023ರಲ್ಲಿ. ಅದೂ ಇಡೀ ರಾಜ್ಯಕ್ಕೆ 75 ಲಕ್ಷ ಡಾಲರ್.

ಕೌಂಟಿಯ ಮುಖ್ಯ ಆದಾಯ ಆಸ್ತಿ ತೆರಿಗೆ. ಕಾರ್ಖಾನೆ ಮುಚ್ಚಿ ಮನೆಗಳ ಬೆಲೆ ಕುಸಿದ ಕಡೆ ತೆರಿಗೆ ಕಡಿಮೆ, ಸರ್ಕಾರಿ ವಕೀಲರನ್ನು ಬೇಡುವ ಬಡವರು ಹೆಚ್ಚು. ಹೀಗಾಗಿ ಒಂದೇ ರಾಜ್ಯದಲ್ಲಿ, ಒಂದೇ ಕಾನೂನಿನಡಿ, ಒಂದೇ ಆರೋಪ ಹೊತ್ತ ಇಬ್ಬರಿಗೆ ಸಿಗುವ ರಕ್ಷಣೆ ಕೌಂಟಿಯ ಗಡಿಗೆ ತಕ್ಕಂತೆ ಬದಲಾಗುತ್ತದೆ. ಇದನ್ನು ನಾನು ಆಡಳಿತದ ಸಣ್ಣ ಲೋಪವೆಂದು ಭಾವಿಸುವುದಿಲ್ಲ. ಸಂವಿಧಾನದ ಹಕ್ಕೇ ಇಲ್ಲಿ ತುಂಡಾಗಿದೆ.

ಹಣ ಸಾಲದ ಕೌಂಟಿಗಳು ಕಂಡುಕೊಂಡ ದಾರಿಗಳಲ್ಲಿ ನನ್ನನ್ನು ಹೆಚ್ಚು ಕಳವಳಗೊಳಿಸುವುದು ಇಡಿಗಂಟಿನ ಗುತ್ತಿಗೆ. ವರ್ಷಕ್ಕೆ ಇಷ್ಟು ಎಂದು ಗೊತ್ತುಪಡಿಸಿ, ಬಂದಷ್ಟೂ ಪ್ರಕರಣಗಳನ್ನು ಖಾಸಗಿ ವಕೀಲರೊಬ್ಬರಿಗೆ ಒಪ್ಪಿಸಲಾಗುತ್ತದೆ. ಕೆಲವು ಗುತ್ತಿಗೆಗಳಲ್ಲಿ ತನಿಖೆಯ ಖರ್ಚು, ತಜ್ಞ ಸಾಕ್ಷಿಯ ಸಂಭಾವನೆಗಳೂ ಅದೇ ಗಂಟಿನಿಂದ ಹೋಗಬೇಕು. ಆಗ ಕಕ್ಷಿದಾರರಿಗಾಗಿ ವಿನಿಯೋಗಿಸಿದ ಪ್ರತಿ ಗಂಟೆಯೂ ವಕೀಲರಿಗೆ ನಷ್ಟ. ಅಂಥ ಒತ್ತಡದಲ್ಲೂ ನಿಷ್ಠೆಯಿಂದ ದುಡಿಯುವ ವಕೀಲರಿದ್ದಾರೆ, ಆದರೆ ನಿಷ್ಠೆಗೆ ದಂಡ ವಿಧಿಸುವ ಏರ್ಪಾಡು ಎಷ್ಟು ಕಾಲ ಬಾಳೀತು? 1973ರಲ್ಲಿ ರಾಷ್ಟ್ರೀಯ ಆಯೋಗವೊಂದು ಒಬ್ಬ ವಕೀಲರಿಗೆ ವರ್ಷಕ್ಕೆ 150 ಗಂಭೀರ ಪ್ರಕರಣಗಳೇ ಮಿತಿ ಎಂದಿತ್ತು. ವರ್ಷದ ದುಡಿಮೆ 2,000 ಗಂಟೆಯೆಂದು ಹಿಡಿದರೂ ಒಂದು ಪ್ರಕರಣಕ್ಕೆ ಹದಿನಾಲ್ಕು ಗಂಟೆಯೂ ದಕ್ಕದು.

ವಕೀಲರಿಗೆ ಕೊಡದೆ ಉಳಿಸಿದ ಹಣ ಉಳಿಯುವುದೂ ಇಲ್ಲ, ಏಕೆಂದರೆ ಕೌಂಟಿ ಜೈಲಿನ ಖರ್ಚೂ ಸಾಮಾನ್ಯವಾಗಿ ಅದೇ ಬೊಕ್ಕಸದ್ದು. ಟೆಕ್ಸಾಸಿನ ಗಿಲೆಸ್ಪಿ ಕೌಂಟಿಯ ವಿರುದ್ಧ 2008ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಪ್ರಕರಣವನ್ನು ನೋಡಿ. ಹಳೆಯ ಶಿಕ್ಷೆಯಿದೆಯೆಂಬ ತಪ್ಪು ದಾಖಲೆಯ ಮೇಲೆ ಬಂಧಿತರಾದವರು ವಕೀಲರನ್ನು ಕೊಡಿರೆಂದು ಪದೇ ಪದೇ ಕೇಳಿದರೂ ತಿಂಗಳುಗಟ್ಟಲೆ ಸಿಗಲಿಲ್ಲ. ಹೆಚ್ಚಿಸಿದ ಜಾಮೀನು ಕಟ್ಟಲಾಗದೆ ಮೂರು ವಾರ ಜೈಲಿನಲ್ಲಿ ಕಳೆದರು. ಕೊನೆಗೆ ನೇಮಕಗೊಂಡ ವಕೀಲರು ಕಾಗದಪತ್ರ ಕಲೆಹಾಕಿ ತೋರಿಸಿದಾಗ ಆರೋಪವೇ ಬಿದ್ದುಹೋಯಿತು.

ಮಿಚಿಗನ್ 2013ರ ಕಾಯ್ದೆಯ ಮೂಲಕ ಹಿಡಿದ ದಾರಿ ನನಗೆ ಒಪ್ಪಿಗೆ. ಕೌಂಟಿಗಳು ಹಿಂದಿನ ಮಟ್ಟದ ತಮ್ಮ ಪಾಲನ್ನು ಕೊಡುತ್ತಲೇ ಇರಬೇಕು. ಆ ಕಾಯ್ದೆಯಡಿ ರಚಿತವಾದ ರಾಜ್ಯದ ಆಯೋಗವು ಗೊತ್ತುಪಡಿಸಿದ ಗುಣಮಟ್ಟವನ್ನು ಮುಟ್ಟಲು ಬೇಕಾದ ಹೆಚ್ಚುವರಿ ಹಣವನ್ನು ರಾಜ್ಯ ತುಂಬುತ್ತದೆ. ಐಡಾಹೊ 2024ರ ಅಕ್ಟೋಬರಿನಲ್ಲಿ ಇಡೀ ಹೊಣೆಯನ್ನೇ ರಾಜ್ಯಕ್ಕೆ ವರ್ಗಾಯಿಸಿಕೊಂಡಿತು. ಯಾವ ಮಾದರಿಯಾದರೂ ಒಂದು ಷರತ್ತು ಬಿಡಲಾಗದು: ವಕೀಲರ ನೇಮಕ ಮತ್ತು ಸಂಭಾವನೆ, ಅವರು ಯಾರ ಮುಂದೆ ವಾದಿಸುತ್ತಾರೋ ಆ ನ್ಯಾಯಾಧೀಶರ ಕೈಯಲ್ಲಿ ಇರಬಾರದು. ಮುಂದಿನ ಪ್ರಕರಣ ತಪ್ಪಿಹೋದೀತೆಂಬ ಭಯವಿರುವ ವಕೀಲರು ಕಕ್ಷಿದಾರರಿಗಾಗಿ ಇನ್ನೊಂದು ವಾಯಿದೆ ಕೇಳಲೂ ಹಿಂಜರಿಯುತ್ತಾರೆ.